ತೊಟ್ಟಿಕ್ಕುವ ಗ್ಲ್ಯಾಂಡು, ತೊಟ್ಟಿಕ್ಕದ ಸೀಲು

ಡ್ರೈನ್ ಸ್ಕ್ರೂ ಬಿಚ್ಚಿದಾಗ ಕೆಳಗಿಟ್ಟ ಡಬ್ಬಕ್ಕೆ ಇಳಿದದ್ದು ಹಾಲು ಬೆರೆಸಿದ ಕಾಫಿಯ ಬಣ್ಣದ ಎಣ್ಣೆ. ಗೇರ್ ಎಣ್ಣೆಗೆ ನೀರು ಸೇರಿದರೆ ಈ ಬಣ್ಣ ಬರುತ್ತದೆ. ಮಂಗಳೂರಿನ ಹೊರವಲಯದ ಆ ಲೇತ್ ಅಂಗಡಿಗೆ ಸಾಮಾನ್ಯವಾಗಿ ಬರುವುದು ಬೋರ್‌ವೆಲ್ ಪಂಪು, ಟಿಪ್ಪರ್ ಲಾರಿಯ ಬಿಡಿಭಾಗ, ಐಸ್ ಪ್ಲಾಂಟಿನ ಕಂಪ್ರೆಸರ್. ಆ ದಿನ ಸ್ಟ್ಯಾಂಡಿಗೆ ಬಿಗಿದು ನಿಲ್ಲಿಸಿದ್ದು ಒಂದು ಸ್ಟರ್ನ್ ಡ್ರೈವ್. ಎಂಜಿನ್ನು ಬೋಟಿನ ಒಳಗೆ, ಫ್ಯಾನು (ಪ್ರೊಪೆಲರ್) ಬೋಟಿನ ಹೊರಗೆ. ಇವೆರಡರ ನಡುವೆ ಬೋಟಿನ ಹಿಂಗೋಡೆಗೆ ಜೋತುಬಿದ್ದು ಶಕ್ತಿಯನ್ನು ಸಾಗಿಸುವ ಗೇರು, ಬೇರಿಂಗುಗಳ ಪೆಟ್ಟಿಗೆ ಅದು. ಪ್ರವಾಸಿಗರನ್ನು ಸುತ್ತಾಡಿಸುವ ಯಾವುದೋ ಸ್ಪೀಡ್ ಬೋಟಿನದ್ದು.

ಬೋಟು ರಿಪೇರಿಯಲ್ಲೇ ಕೈ ಪಳಗಿದ ಹಿರಿಯನೊಬ್ಬ ಅಲ್ಲಿಗೆ ಹೋದದ್ದು ಮನೆಯ ಪಂಪಿಗೆ ಬುಶ್ ಮಾಡಿಸಲು. ಡಬ್ಬದ ಎಣ್ಣೆ ನೋಡಿ ಕಾಲು ಮುಂದೆ ಹೋಗಲಿಲ್ಲ.

“ಹೋದ ವರ್ಷವೇ ಹೊಸ ಸೀಲು ಹಾಕಿದ್ದು ಅಂಕಲ್. ಪುನಃ ನೀರು ಹೋಗಿದೆ,” ಎಂದ ಬೋಟಿನ ಮೆಕ್ಯಾನಿಕ್. ಇಪ್ಪತ್ತೈದರ ಆಸುಪಾಸಿನ ಹುಡುಗ, ಕೈಯಲ್ಲಿ ಹೊಸ ಸೀಲಿನ ಪೊಟ್ಟಣ.

“ಶಾಫ್ಟು ನೋಡಿದ್ದೀಯಾ?”

“ನೋಡಿದ್ದೇನೆ. ಸರಿ ಉಂಟು.”

ಫ್ಯಾನು ಕಳಚಿದ ಜಾಗದಲ್ಲಿ ಶಾಫ್ಟಿನ ಬುಡಕ್ಕೆ ಮೀನಿನ ಗಾಳದ ನೈಲಾನ್ ದಾರ ಸುತ್ತಿಕೊಂಡಿತ್ತು. ಕಾದು ಕರಗಿ ಗಟ್ಟಿಯಾಗಿದ್ದ ಅದನ್ನು ಬಿಡಿಸಿ, ಶಾಫ್ಟನ್ನು ಒರೆಸಿ, ಆತ ಹೆಬ್ಬೆರಳಿನ ಉಗುರನ್ನು ಉದ್ದಕ್ಕೆ ಎಳೆದ. ಸೀಲಿನ ತುಟಿ ಕೂರುವ ಜಾಗದಲ್ಲಿ ಉಗುರು ತಡೆಯಿತು. ಕಣ್ಣಿಗೆ ಕಾಣದ ಆ ಗೀರಿನ ಮೇಲೆ ಎಷ್ಟು ಹೊಸ ಸೀಲು ಕೂರಿಸಿದರೂ ನೀರು ದಾರಿ ಹುಡುಕಿಕೊಳ್ಳುತ್ತದೆ. ಹುಡುಗನ ಉಗುರನ್ನೂ ಅಲ್ಲೇ ಎಳೆಸಿದಾಗ ಅವನ ಮುಖ ಬದಲಾಯಿತು.

ಉಗುರಿನಿಂದ ಶಾಫ್ಟು ನೋಡುವುದನ್ನು ಆತ ಕಲಿತದ್ದು ಇಲ್ಲಿಂದ ದೂರವಲ್ಲದ ಬಂದರಿನಲ್ಲಿ, 1980ರ ದಶಕದ ಮೊದಲ ವರ್ಷಗಳಲ್ಲಿ, ಮೇಸ್ತ್ರಿಯೊಬ್ಬನ ಕೈಕೆಳಗೆ.

ಆತನ ಊರು ಬೆಂಗ್ರೆ ಎಂದರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೆ ಚಾಚಿದ ಮರಳು. ಅಲ್ಲಿಂದ ಮಂಗಳೂರಿನ ಹಳೆ ಬಂದರಿಗೆ ದೋಣಿಯಲ್ಲಿ ದಾಟಬೇಕು. ಅಪ್ಪ ರಂಪಣಿಯವರು. ದಡದಿಂದಲೇ ಹತ್ತಾರು ಜನ ಸೇರಿ ಎಳೆಯುವ ದೊಡ್ಡ ಬಲೆ ಅದು. ಬಲೆಗೆ ಬಿದ್ದದ್ದರಲ್ಲಿ ಎಳೆದ ಪ್ರತಿಯೊಬ್ಬನಿಗೂ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಬಂಗುಡೆ, ಬೂತಾಯಿಯ ಹಿಂಡು ದಡ ಮುಟ್ಟುವ ಮೊದಲೇ ಕಡಲಿನಲ್ಲೇ ಸುತ್ತುವರಿದು ಹಿಡಿಯತೊಡಗಿದವು. ಕೆಲವೇ ವರ್ಷಗಳಲ್ಲಿ ರಂಪಣಿ ದಡದಲ್ಲೇ ಒಣಗಿತು. ಅಪ್ಪ ಎದ್ದು ಕೂತು ಕಡಲು ನೋಡುವುದಷ್ಟೇ ಉಳಿದಾಗ ಆಗಿನ್ನೂ ಹುಡುಗನಾಗಿದ್ದ ಆತನ ಶಾಲೆಯೂ ನಿಂತಿತು. ಬೋಟುಗಳು ಅಪ್ಪನ ಕೆಲಸ ಕಸಿದವು ಎಂದು ಮನೆಯಲ್ಲಿ ಮಾತಾಡುತ್ತಿದ್ದರು. ಹುಡುಗ ಹೊಟ್ಟೆಪಾಡಿಗೆ ಹೋದದ್ದು ಅದೇ ಬೋಟುಗಳ ರಿಪೇರಿಗೆ.

ದಕ್ಕೆಯ ಹತ್ತಿರದ ತಗಡಿನ ಶೆಡ್ಡಿನಲ್ಲಿ ಮೇಸ್ತ್ರಿ ಆಡಿದ್ದು ಎರಡೇ ಮಾತು.

“ಎಂತ ಬರ್ತದೆ ನಿನಗೆ?”

“ಈಜು ಬರ್ತದೆ ಮೇಸ್ತ್ರಿ.”

“ಸಾಕು.”

ಈಜು ಯಾಕೆ ಸಾಕು ಎಂಬುದು ಮರುದಿನವೇ ಗೊತ್ತಾಯಿತು. ಟ್ರಾಲ್ ಬೋಟುಗಳ ಫ್ಯಾನಿಗೆ ಬಲೆಯ ತುಂಡೋ ಹಗ್ಗವೋ ಸುತ್ತಿಕೊಳ್ಳುವುದು ದಿನದ ಮಾತು. ಸೊಂಟಕ್ಕೆ ಹಗ್ಗ, ಹಲ್ಲಿನ ನಡುವೆ ಚೂರಿ. ಬೋಟಿನ ಹಿಂಭಾಗದಲ್ಲಿ ಮುಳುಗಿ, ಕೆಸರು ನೀರಿನಲ್ಲಿ ಕೈಯ ಅಂದಾಜಿನಲ್ಲೇ ಅದನ್ನು ಕೊಯ್ದು ತೆಗೆಯಬೇಕು. ಉಸಿರು ಮುಗಿದಾಗ ಮೇಲೆ ಬಂದು ಮತ್ತೆ ಮುಳುಗಬೇಕು. ಹುಡುಗನಿಗೆ ಫ್ಯಾನು, ಶಾಫ್ಟು, ಬುಶ್ಶುಗಳ ಪರಿಚಯವಾದದ್ದು ಹೀಗೆ, ಮೊದಲು ಬೆರಳಿಗೆ, ಆಮೇಲೆ ಕಣ್ಣಿಗೆ.

ಮೀನುಗಾರಿಕಾ ಬೋಟಿನ ಹಿಂಭಾಗದ ವ್ಯವಸ್ಥೆ ನೋಡಲು ಸರಳ. ಎಂಜಿನ್ನು, ಅದರ ಹಿಂದೆ ಗೇರ್‌ಬಾಕ್ಸು, ಅಲ್ಲಿಂದ ನೇರವಾಗಿ ಹಿಂದಕ್ಕೆ ಹೋಗುವ ಒಂದು ಉದ್ದ ಶಾಫ್ಟು. ಆ ಶಾಫ್ಟು ಬೋಟಿನ ಮೈಯನ್ನು ತೂರಿ ಹೊರಗೆ ಹೋಗುವ ಜಾಗದಲ್ಲಿ ಒಂದು ಕೊಳವೆ. ಕೊಳವೆಯ ಹೊರತುದಿಯಲ್ಲಿ ಶಾಫ್ಟನ್ನು ಹೊತ್ತ ಬುಶ್ಶು, ಒಳತುದಿಯಲ್ಲಿ ಕಡಲನ್ನು ತಡೆಯುವ ಗ್ಲ್ಯಾಂಡು. ಗ್ಲ್ಯಾಂಡಿನೊಳಗೆ ಕೊಬ್ಬು, ಗ್ರ್ಯಾಫೈಟು ಮೆತ್ತಿದ ಚೌಕನೆಯ ಹಗ್ಗವನ್ನು ಉಂಗುರ ಉಂಗುರವಾಗಿ ಕೂರಿಸಿ ಬಿಗಿಯುತ್ತಾರೆ. ತಿರುಗುವ ಶಾಫ್ಟಿಗೂ ತಿರುಗದ ಬೋಟಿಗೂ ನಡುವೆ ಇರುವ ತಡೆ ಇಷ್ಟೇ.

ಹಗ್ಗವನ್ನು ಸುರುಳಿ ಸುತ್ತಿ ತುರುಕುವವರೂ ಇದ್ದರು. ಮೇಸ್ತ್ರಿ ಬಿಡುತ್ತಿರಲಿಲ್ಲ. ಶಾಫ್ಟಿನ ಮೇಲೇ ಅಳತೆ ಹಿಡಿದು, ಓರೆಯಾಗಿ ಕೊಯ್ದು, ಒಂದೊಂದೇ ಉಂಗುರ ಕೂರಿಸಬೇಕು. ಒಂದರ ಸಂದು ಮೇಲೆ ಬಂದರೆ ಮುಂದಿನದರ ಸಂದು ಬದಿಗೆ ಬರಬೇಕು, ಇಲ್ಲವಾದರೆ ಸಂದಿನಿಂದ ಸಂದಿಗೆ ನೀರು ಹಾದುಬರುತ್ತದೆ. ಕೂರಿಸಿ ಆದ ಮೇಲೆ ಹುಡುಗನ ಕೈಗೆ ಬಲ ಬಂದು ನಟ್ಟನ್ನು ಬಿಗಿಯುತ್ತಾ ಹೋದರೆ ಒಂದು ಗದರಿಕೆ ಬೀಳುತ್ತಿತ್ತು: “ಸಾಕು ಮಾರಾಯ! ಒಣಗಿಸಿ ಕೊಲ್ತೀಯಾ ಅದನ್ನು? ನೀರು ತೊಟ್ಟಿಕ್ಕಬೇಕು.”

ಎಂಜಿನ್ನು ಓಡುವಾಗ ಗ್ಲ್ಯಾಂಡಿನಿಂದ ನಿಮಿಷಕ್ಕೆ ಕೆಲವು ಹನಿ ನೀರು ಬೀಳುತ್ತಲೇ ಇರಬೇಕು. ಶಾಫ್ಟನ್ನು ತಂಪಾಗಿಡುವುದು ಆ ಹನಿಯೇ. ಪೂರ್ತಿ ಬಿಗಿದರೆ ಹಗ್ಗ ಸುಟ್ಟು ಕಲ್ಲಾಗುತ್ತದೆ, ಶಾಫ್ಟನ್ನು ಕೊರೆಯುತ್ತದೆ. ಮೇಸ್ತ್ರಿ ಹೆಬ್ಬೆರಳಿನ ಉಗುರು ಎಳೆಯುತ್ತಿದ್ದದ್ದು ಈ ಕೊರೆತ ಹುಡುಕಲು.

ಬುಶ್ಶಿನ ಕತೆ ಇನ್ನೂ ಹಳೆಯದು. ಶೆಡ್ಡಿನ ಮೂಲೆಯಲ್ಲಿ ಹಳೆಯ ಹಡಗೊಂದರಿಂದ ಬಂದ ಕಪ್ಪು ಮರದ ತುಂಡೊಂದಿತ್ತು. ಮೇಸ್ತ್ರಿ ಅದನ್ನು ಬಕೆಟ್ಟಿನ ನೀರಿಗೆ ಹಾಕಿ ತೋರಿಸುತ್ತಿದ್ದ. ಅದು ಸೀದಾ ತಳಕ್ಕೆ ಹೋಗುತ್ತಿತ್ತು. ಮುಳುಗುವ ಮರವನ್ನು ಹುಡುಗ ಅಲ್ಲಿಯವರೆಗೆ ಕಂಡಿರಲಿಲ್ಲ. ಅದು ಅಮೆರಿಕ ಖಂಡದ ಉಷ್ಣ ಪ್ರದೇಶದ ಲಿಗ್ನಮ್ ವೈಟೆ. ಹಬೆ ಹಡಗುಗಳಿಗೆ ಚಕ್ರದ ಬದಲು ಹಿಂದೆ ಫ್ಯಾನು ಬಂದ ಹೊಸತರಲ್ಲಿ ಹಿತ್ತಾಳೆಯ ಬೇರಿಂಗುಗಳು ಬೇಗ ಸವೆದು, ನೀರು ಒಳನುಗ್ಗುತ್ತಿತ್ತು. 1854ರಲ್ಲಿ ಇಂಗ್ಲೆಂಡಿನ ಜಾನ್ ಪೆನ್ ಈ ಮರದ ಪಟ್ಟಿಗಳನ್ನು ಕೊಳವೆಯೊಳಗೆ ಜೋಡಿಸಿ, ಪಟ್ಟಿಗಳ ನಡುವೆ ಕಡಲ ನೀರು ಹರಿಯುವಂತೆ ಮಾಡಿದ. ಮರದ ಒಳಗಿನ ಅಂಟೂ ಹೊರಗಿನ ನೀರೂ ಸೇರಿ ಎಣ್ಣೆಯ ಕೆಲಸ ಮಾಡಿದವು. ಸುಮಾರು ನೂರು ವರ್ಷ ಜಗತ್ತಿನ ದೊಡ್ಡ ಹಡಗುಗಳ ಶಾಫ್ಟುಗಳು ತಿರುಗಿದ್ದು ಮರದ ಮೇಲೆ. ಆಮೇಲೆ ಬಂದದ್ದು ಹಿತ್ತಾಳೆಯ ಕವಚದೊಳಗೆ ರಬ್ಬರಿನ ಬುಶ್ಶು. ಅದರ ಹುಟ್ಟು ಒಂದು ಗಣಿಯಲ್ಲಿ: 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಗಣಿ ಎಂಜಿನಿಯರ್ ಚಾರ್ಲ್ಸ್ ಶೆರ್‌ವುಡ್, ಪಂಪಿನ ಲೋಹದ ಬೇರಿಂಗು ಕೈಕೊಟ್ಟಾಗ ಬೇರೇನೂ ಸಿಗದೆ ರಬ್ಬರ್ ಹೋಸಿನ ತುಂಡನ್ನು ತುರುಕಿದ; ಅದು ಲೋಹಕ್ಕಿಂತ ಹೆಚ್ಚು ಬಾಳಿತು. ಮರಳು ಕಣ ಬಂದರೆ ರಬ್ಬರು ಒಳಕ್ಕೆ ಬಾಗಿ ಅದನ್ನು ಉರುಳಿಸಿ ಆಚೆ ಕಳಿಸುತ್ತದೆ, ಶಾಫ್ಟು ಗೀರುವುದಿಲ್ಲ. ಮರಳು ತುಂಬಿದ ಅಳಿವೆ ಬಾಗಿಲನ್ನು ದಿನವೂ ದಾಟುವ ಮಂಗಳೂರಿನ ಬೋಟುಗಳಿಗೆ ಇದಕ್ಕಿಂತ ಹೊಂದುವ ಬುಶ್ಶು ಇರಲಿಲ್ಲ.

ಈ ಹೆಸರು, ಇಸವಿಗಳೆಲ್ಲ ಹುಡುಗನಿಗೆ ಗೊತ್ತಾದದ್ದು ಬಹಳ ತಡವಾಗಿ. ಮೇಸ್ತ್ರಿಗೆ ಅವು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬೇರೆ. ಓಡುವ ಎಂಜಿನ್ನಿನ ಬೇರಿಂಗು ಕವಚಕ್ಕೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸಿ ಕಣ್ಣು ಮುಚ್ಚುತ್ತಿದ್ದ. ಒಂದೇ ಸಮನೆ ಗುಂಯ್ಗುಡುವ ಸದ್ದಿಗೂ, ನಡುನಡುವೆ ಕರಕರ ಎನ್ನುವ ಸದ್ದಿಗೂ ಇರುವ ವ್ಯತ್ಯಾಸವನ್ನು ಹುಡುಗನಿಗೂ ಕೇಳಿಸುತ್ತಿದ್ದ. ಈ ಬೇರಿಂಗು ಇನ್ನೊಂದು ಸೀಸನ್ ಬರ್ತದೆ, ಇದು ಗಣೇಶ ಚೌತಿವರೆಗೂ ಬರುವುದಿಲ್ಲ ಎಂದು ಹೇಳಿದರೆ ಹೆಚ್ಚಾಗಿ ಅದೇ ಆಗುತ್ತಿತ್ತು.

ಅವನ ದೊಡ್ಡ ಪಾಠ ಮಳೆಗಾಲದ್ದು. ಬೋಟುಗಳೆಲ್ಲ ದಡ ಹತ್ತಿ, ಹಲಗೆ ಬದಲಾಗಿ, ಬಣ್ಣ ಬಳಿದು, ಸೀಸನ್ನಿಗೆ ಇಳಿಯುವ ದಿನಗಳು. ಬೋಟು ದಡದ ಮೇಲಿರುವಾಗಲೇ ಶಾಫ್ಟನ್ನೂ ಗೇರ್‌ಬಾಕ್ಸನ್ನೂ ಜೋಡಿಸಿ ಬೋಲ್ಟು ಬಿಗಿದು ಹಣ ಪಡೆದು ಹೋಗುವ ಮೆಕ್ಯಾನಿಕ್ಕುಗಳಿದ್ದರು. ಮೇಸ್ತ್ರಿ ಒಪ್ಪುತ್ತಿರಲಿಲ್ಲ. ಮರದ ಬೋಟು ನೀರಿಗಿಳಿದ ಮೇಲೆ ಹಲಗೆ ಉಬ್ಬುತ್ತದೆ, ಮೈ ತನ್ನ ಆಕಾರ ತೆಗೆದುಕೊಳ್ಳುತ್ತದೆ. ದಡದಲ್ಲಿ ನೇರವಾಗಿದ್ದದ್ದು ನೀರಿನಲ್ಲಿ ನೇರವಾಗಿರುವುದಿಲ್ಲ. ಒಂದು ದಿನ ನೀರಿನಲ್ಲಿ ಬಿಟ್ಟು, ಆಮೇಲೆ ಕಪ್ಲಿಂಗಿನ ಎರಡು ಮುಖಗಳ ನಡುವೆ ಫೀಲರ್ ಗೇಜ್ ಹಾಕಿ, ನಾಲ್ಕೂ ದಿಕ್ಕಿನಲ್ಲಿ ಸಂದು ಒಂದೇ ಬರುವವರೆಗೆ ಎಂಜಿನ್ನಿನ ಕೆಳಗೆ ತಗಡು ಕೊಡುತ್ತಿದ್ದ. ಕಪ್ಲಿಂಗಿನ ಅಗಲದ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂಬ ಲೆಕ್ಕವನ್ನು ಯಾರೋ ಹಡಗಿನ ಎಂಜಿನಿಯರಿನಿಂದ ಕಲಿತಿದ್ದನಂತೆ.

ಒಬ್ಬ ಬೋಟಿನ ಯಜಮಾನರಿಗೆ ಆ ಒಂದು ದಿನ ಕಾಯಲು ಮನಸ್ಸಿರಲಿಲ್ಲ. ಮೊದಲ ದಿನಗಳ ಸಿಗಡಿಗೆ ಒಳ್ಳೆಯ ದರ. ಬೇರೆಯವರಿಂದ ಬಿಗಿಸಿಕೊಂಡು ಹೋದರು. ವಾರಗಳಲ್ಲೇ ಬುಶ್ಶು ಒಂದು ಬದಿಗೆ ಸವೆದು, ಶಾಫ್ಟು ಅಲ್ಲಾಡಿ, ಗ್ಲ್ಯಾಂಡಿನಿಂದ ನೀರು ಹರಿದು, ಗೇರ್‌ಬಾಕ್ಸಿನ ಹಿಂದಿನ ಆಯಿಲ್ ಸೀಲು ಕಿತ್ತು, ಕೊನೆಗೆ ಕಪ್ಲಿಂಗಿನ ಬೋಲ್ಟು ತುಂಡಾಯಿತು. ಇನ್ನೊಂದು ಬೋಟು ಎಳೆದು ತಂದಿತು. ಕಿತ್ತುಹೋದದ್ದು ಸೀಲು, ಮುರಿದದ್ದು ಬೋಲ್ಟು. ಕೆಟ್ಟದ್ದು ಇವೆರಡೂ ಅಲ್ಲ, ಜೋಡಣೆ. ಕೆಟ್ಟ ಭಾಗವನ್ನು ಬದಲಿಸುವ ಮೊದಲು ಅದು ಯಾಕೆ ಕೆಟ್ಟಿತು ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ ಹುಡುಕಬೇಕೆಂಬ ಹಟ ಹುಡುಗನಿಗೆ ಅಂಟಿದ್ದು ಆ ಬೋಟಿನಿಂದ. ಬೇರಾವ ವಿದ್ಯೆಗಿಂತಲೂ ಮುಂದೆ ಅದು ಅವನಿಗೆ ಅನ್ನ ಕೊಟ್ಟಿತು.

ಆದರೆ ಮೇಸ್ತ್ರಿಯನ್ನು ಪೂರ್ತಿ ಹೊಗಳಿ ಮುಗಿಸಲಾಗದು. ಗೇರ್‌ಬಾಕ್ಸು ಬಿಚ್ಚಿ ಹೊಸ ಬೇರಿಂಗು ಹಾಕಿ, ತೆಳು ತಗಡಿನ ಶಿಮ್ ಕೊಟ್ಟು ಬಿಗಿ ಹೊಂದಿಸುವ ಹೊತ್ತು ಬಂದರೆ ಹುಡುಗನನ್ನು ಚಹಾ ತರಲು ಕಳಿಸುತ್ತಿದ್ದ. ಚಹಾ ಬಿಸಿಯಿದ್ದಾಗಲೇ ಓಡಿಬಂದರೂ ಮುಚ್ಚಳ ಬಿಗಿದಾಗಿರುತ್ತಿತ್ತು. ಕೇಳಿದರೆ, “ಮುಂದೆ ಹೇಳ್ತೇನೆ, ಈಗ ಗ್ರೀಸ್ ಒರೆಸು.” ಆ ‘ಮುಂದೆ’ ಬರಲಿಲ್ಲ. ಗುಟ್ಟು ಕೊಟ್ಟರೆ ಹುಡುಗರು ಪಕ್ಕದಲ್ಲೇ ಇನ್ನೊಂದು ಶೆಡ್ಡು ಹಾಕುತ್ತಾರೆ ಎಂಬ ಭಯ ಅವನಿಗೆ ಇದ್ದದ್ದು ನಿಜ, ಆ ಭಯಕ್ಕೆ ಕಾರಣವಿದ್ದದ್ದೂ ನಿಜ. ಹಾಗಿದ್ದರೂ ಅದು ಅನ್ಯಾಯವೇ. ಅವನು ತೀರಿಕೊಂಡಾಗ ಎಷ್ಟೋ ಬೋಟುಗಳ ಅಳತೆಗಳು ಅವನ ತಲೆಯ ಜೊತೆಗೇ ಹೋದವು; ಒಂದು ಚೀಟಿಯೂ ಸಿಗಲಿಲ್ಲ.

ಮದುವೆಯ ವಯಸ್ಸಿಗೆ ಬರುವ ಹೊತ್ತಿಗೆ ಆತ ಊರಿನ ಬಹಳ ಮಂದಿಯ ಹಾಗೆ ಗಲ್ಫಿಗೆ ಹೋದ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಒಂದು ಮರೀನಾ ವರ್ಕ್‌ಶಾಪು. ಅಲ್ಲಿಯ ಬೋಟುಗಳು ಮೀನು ಹಿಡಿಯುವುದಲ್ಲ, ಶುಕ್ರವಾರ ಮನೆಮಂದಿಯನ್ನು ಕರೆದುಕೊಂಡು ಸುತ್ತುವುದು. ಅಲ್ಲಿ ಮೊದಲ ಬಾರಿಗೆ ಸ್ಟರ್ನ್ ಡ್ರೈವ್ ಕಂಡಾಗ ಅವನಿಗೆ ಇದರಲ್ಲಿ ಗ್ಲ್ಯಾಂಡು ಎಲ್ಲಿದೆ ಎಂಬ ಪ್ರಶ್ನೆ ಬಂತು. ಗ್ಲ್ಯಾಂಡು ಇರಲಿಲ್ಲ.

ಈ ಯಂತ್ರದ ವಂಶಾವಳಿಯಲ್ಲೇ ಬೇರಿಂಗು ಇದೆ. ಸ್ವೀಡನ್ನಿನ ಗೋಥೆನ್‌ಬರ್ಗಿನ ಬಟ್ಟೆ ಗಿರಣಿಯೊಂದು ಜೇಡಿಮಣ್ಣಿನ ನೆಲದ ಮೇಲಿತ್ತು. ನೆಲ ಕುಸಿದು ಶಾಫ್ಟುಗಳು ಓರೆಯಾಗಿ ಬೇರಿಂಗುಗಳು ಪದೇಪದೇ ಹಾಳಾಗುತ್ತಿದ್ದವು. ಅಲ್ಲಿ ಯಂತ್ರಗಳ ಉಸ್ತುವಾರಿ ನೋಡುತ್ತಿದ್ದ ಸ್ವೆನ್ ವಿಂಗ್‌ಕ್ವಿಸ್ಟ್, ಶಾಫ್ಟು ತುಸು ಓರೆಯಾದರೂ ತಾನೇ ಹೊಂದಿಕೊಳ್ಳುವ ಬಾಲ್ ಬೇರಿಂಗನ್ನು ರೂಪಿಸಿ 1907ರಲ್ಲಿ ಎಸ್‌ಕೆಎಫ್ ಕಂಪನಿ ಶುರುಮಾಡಿದ. ವೋಲ್ವೊ ಹುಟ್ಟಿದ್ದು ಅದೇ ಎಸ್‌ಕೆಎಫ್‌ನ ಮಗುವಾಗಿ. ಕಾರು ಹೊರಬಂದದ್ದು 1927ರಲ್ಲಿ. 1935ರಲ್ಲಿ ಅದು ಪೆಂಟಾ ಎಂಬ ಎಂಜಿನ್ ಕಾರ್ಖಾನೆಯನ್ನು ಕೊಂಡಿತು. ಅಮೆರಿಕದ ಎಂಜಿನಿಯರ್ ಜಿಮ್ ವಿನ್‌ನ ಕಲ್ಪನೆಯನ್ನು ಹಿಡಿದು 1959ರಲ್ಲಿ ವೋಲ್ವೊ ಪೆಂಟಾ ಮಾರುಕಟ್ಟೆಗೆ ತಂದ ಅಕ್ವಾಮ್ಯಾಟಿಕ್, ಸ್ಟರ್ನ್ ಡ್ರೈವನ್ನು ಮನೆಮಾತಾಗಿಸಿತು. ಎರಡು ವರ್ಷ ಕಳೆದು ಅಮೆರಿಕದ ಮರ್‌ಕ್ರೂಸರ್ ಬಂತು. ಆತ ಮುಂದೆ ಬಿಚ್ಚಿದ ಡ್ರೈವುಗಳಲ್ಲಿ ಬಹುಪಾಲು ಈ ಎರಡು ಮನೆಗಳವು.

ಟ್ರಾಲ್ ಬೋಟಿನಲ್ಲಿ ಶಕ್ತಿ ಒಂದೇ ಗೆರೆಯಲ್ಲಿ ಹಿಂದಕ್ಕೆ ಹೋಗುತ್ತದೆ. ಸ್ಟರ್ನ್ ಡ್ರೈವಿನಲ್ಲಿ ಅದು ಹಿಂಗೋಡೆಯ ತೂತಿನಿಂದ ಹೊರಬಂದು, ಮೇಲಿನ ಗೇರುಗಳಲ್ಲಿ ಕೆಳಮುಖವಾಗಿ ತಿರುಗಿ, ನಿಂತ ಶಾಫ್ಟಿನಲ್ಲಿ ಇಳಿದು, ತಳದಲ್ಲಿ ಮತ್ತೊಮ್ಮೆ ತಿರುಗಿ ಫ್ಯಾನಿಗೆ ಮುಟ್ಟುತ್ತದೆ. ಇಡೀ ಡ್ರೈವು ಎಡಬಲಕ್ಕೆ ತಿರುಗಬೇಕು, ಮೇಲಕ್ಕೆ ಏಳಬೇಕು. ಹಾಗಾಗಿ ಗೋಡೆ ದಾಟುವ ಜಾಗದಲ್ಲಿ ಯುನಿವರ್ಸಲ್ ಜಾಯಿಂಟು, ಅದಕ್ಕೆ ಹೊದಿಸಿದ ಮಡಿಕೆ ಮಡಿಕೆಯ ರಬ್ಬರ್ ಬೆಲ್ಲೋಸು, ಅದರ ಒಳಗೆ ಗಿಂಬಲ್ ಬೇರಿಂಗು. ತಿರುವು ಹೆಚ್ಚಾದಷ್ಟೂ ಬೇರಿಂಗು ಹೆಚ್ಚು, ಬೇರಿಂಗು ಹೆಚ್ಚಾದಷ್ಟೂ ಸೀಲು ಹೆಚ್ಚು. ಬಂದರಿನಲ್ಲಿ ಕಲಿತ ಮೊದಲ ಪಾಠವನ್ನು ಇಲ್ಲಿ ಬಿಡಬೇಕಾಯಿತು: ಇಲ್ಲಿ ಒಂದು ಹನಿಯೂ ತೊಟ್ಟಿಕ್ಕಬಾರದು. ಗ್ಲ್ಯಾಂಡು ಕೆಟ್ಟರೆ ಬೋಟಿನ ಅಡಿಯಲ್ಲಿ ನೀರು ಕಾಣುತ್ತದೆ, ಬೋಟು ನಡೆಸುವ ತಂಡೇಲ ಕೂಗುತ್ತಾನೆ. ಇಲ್ಲಿ ಸೀಲು ಕೆಟ್ಟರೆ ಯಾರಿಗೂ ಕಾಣುವುದಿಲ್ಲ. ನೀರು ಮೌನವಾಗಿ ಗೇರುಗಳ ನಡುವೆ ಸೇರಿ, ಬೇರಿಂಗಿನ ಕನ್ನಡಿಯಂಥ ಹೊಳಪಿನಲ್ಲಿ ತುಕ್ಕಿನ ಚುಕ್ಕೆ ಇಡುತ್ತದೆ.

ಅಲ್ಲಿಯ ಕಡಲು ಬೇರೆ ಇತ್ತು. ಪರ್ಷಿಯನ್ ಕೊಲ್ಲಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 40 ಗ್ರಾಂ ಉಪ್ಪು. ತೆರೆದ ಸಾಗರದಲ್ಲಿ 35ರ ಆಸುಪಾಸು. ಬೇಸಿಗೆಯಲ್ಲಿ ಮೇಲ್ಮೈ ನೀರು 32 ಡಿಗ್ರಿ ದಾಟುತ್ತದೆ. ಅಲ್ಯೂಮಿನಿಯಂ ಮೈಗೆ ಸ್ಟೇನ್‌ಲೆಸ್ ಬೋಲ್ಟು ತಾಗಿದ ಕಡೆಯಲ್ಲೆಲ್ಲ ಉಪ್ಪುನೀರು ಅಲ್ಯೂಮಿನಿಯಂ ತಿನ್ನುತ್ತದೆ, ಬಿಳಿ ಪುಡಿ ಕಟ್ಟುತ್ತದೆ. ಅದಕ್ಕೇ ಬಲಿ ಕೊಡಲೆಂದು ಸತುವಿನ ತುಂಡುಗಳನ್ನು ಬಿಗಿದಿರುತ್ತಾರೆ; ಅವು ಕರಗಿದ ಮೇಲೆ ತಿನ್ನಿಸಿಕೊಳ್ಳುವ ಸರದಿ ಡ್ರೈವಿನದ್ದು. ಬೆಲ್ಲೋಸುಗಳನ್ನು ಆ ವರ್ಕ್‌ಶಾಪಿನಲ್ಲಿ ಹರಿಯಲು ಕಾಯದೆ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಿದ್ದರು. ಕಟ್ಟಿಹಾಕಿದ ಬೋಟು ಹರಿದ ಬೆಲ್ಲೋಸಿನಿಂದಾಗಿ ರಾತ್ರಿ ಬೆಳಗಾಗುವುದರೊಳಗೆ ಮುಳುಗುವುದುಂಟು.

ಅಲ್ಲಿ ಮುಖ್ಯ ಮೆಕ್ಯಾನಿಕ್ ಒಬ್ಬ ಫಿಲಿಪ್ಪೀನ್ಸಿನವನು. ಅವನಿಗೂ ಆತನಿಗೂ ನಡುವೆ ಇದ್ದದ್ದು ಅರೆಬರೆ ಹಿಂದಿ, ಅರೆಬರೆ ಇಂಗ್ಲಿಷ್. ಮೊದಲ ವಾರವೇ ಎಣ್ಣೆ ಮೆತ್ತಿದ ದಪ್ಪ ಮ್ಯಾನ್ಯುಯಲ್ ಒಂದನ್ನು ಕೈಗಿಟ್ಟು, ಓದು, ತಿಳಿಯದ್ದನ್ನು ಕೇಳು ಎಂದ. ಮೇಸ್ತ್ರಿ ಚಹಾಕ್ಕೆ ಕಳಿಸಿ ಮುಚ್ಚಿಡುತ್ತಿದ್ದ ಗುಟ್ಟುಗಳೆಲ್ಲ ಅದರಲ್ಲಿ ಅಚ್ಚಾಗಿದ್ದವು. ಶಂಕುವಿನಾಕಾರದ ರೋಲರ್ ಬೇರಿಂಗುಗಳನ್ನು ಎಷ್ಟು ಒತ್ತಡದಲ್ಲಿ ಕೂರಿಸಬೇಕು, ಗೇರಿನ ಹಲ್ಲುಗಳ ನಡುವೆ ಎಷ್ಟು ಸಡಿಲ ಬಿಡಬೇಕು, ಅದನ್ನು ಡಯಲ್ ಗೇಜಿನಲ್ಲಿ ಹೇಗೆ ಓದಬೇಕು. ಅಂಕಿ ಬರೆದಿತ್ತು; ಯಾರು ಬೇಕಾದರೂ ಓದಬಹುದಿತ್ತು. ಶಾಲೆ ಬಿಟ್ಟ ಹುಡುಗ ಡಿಕ್ಷನರಿ ಇಟ್ಟುಕೊಂಡು ರಾತ್ರಿ ಕ್ಯಾಂಪಿನಲ್ಲಿ ಓದಿದ.

ಅಂಕಿಗಳ ಮೇಲೆ ಅವನಿಗೆ ಪ್ರೀತಿ ಹುಟ್ಟಿದ್ದು ಆಗ. 6205 ಎಂದು ಬೇರಿಂಗಿನ ಮೇಲೆ ಕೊರೆದಿದ್ದರೆ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿ: ಒಳವ್ಯಾಸ 25 ಮಿಲಿಮೀಟರ್. 6308 ಆದರೆ 40. ಸೀಲಿನ ಮೇಲೆ 25, 40, 7 ಎಂದಿದ್ದರೆ ಶಾಫ್ಟು 25, ಕೂರುವ ಮನೆ 40, ದಪ್ಪ 7. ಬಂದರಿನಲ್ಲಿ ಹಳೆ ಸೀಲನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿ ಅಂಗಡಿ ಅಲೆದು, ಪಕ್ಕ ಪಕ್ಕ ಹಿಡಿದು ಹೋಲಿಸುತ್ತಿದ್ದ ಹುಡುಗನಿಗೆ ಇದೊಂದು ಬಿಡುಗಡೆ.

ಸೀಲು ಬದಲಿಸುವ ಕೆಲಸ ಹೀಗೆ ನಡೆಯುತ್ತಿತ್ತು. ಎಣ್ಣೆ ತೆಗೆದು ಬಣ್ಣ ನೋಡಿದ ಮೇಲೆ, ಏನನ್ನೂ ಬಿಚ್ಚದೆ ಕೈಪಂಪಿನಿಂದ ಒಳಗೆ ಗಾಳಿ ತುಂಬಬೇಕು. ಒತ್ತಡ ಇಳಿಯುತ್ತಿದ್ದರೆ ಸೋಪುನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಬೇಕು. ನೋಡುವಾಗ ಶಾಫ್ಟುಗಳನ್ನು ಕೈಯಿಂದ ತಿರುಗಿಸುತ್ತಲೇ ಇರಬೇಕು. ಆಮೇಲೆ ಗಾಳಿ ಹೀರಿ, ತಿರುಗುಮುರುಗಾಗಿ ಅದೇ ಪರೀಕ್ಷೆ. ಒಳಗಿನ ಒತ್ತಡವನ್ನು ತಡೆಯುವ ತುಟಿ ಹೊರಗಿನ ಒತ್ತಡಕ್ಕೆ ಸೋಲಬಹುದು. ಫ್ಯಾನಿನ ಶಾಫ್ಟಿಗೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಸೀಲುಗಳಿರುವುದು ಅದಕ್ಕೇ: ಒಂದು ಎಣ್ಣೆಯನ್ನು ಒಳಗೆ ಹಿಡಿಯುತ್ತದೆ, ಇನ್ನೊಂದು ನೀರನ್ನು ಹೊರಗೆ. ಸೀಲಿನ ಒಳಗಿರುವ ಸಣ್ಣ ಸ್ಪ್ರಿಂಗು ಯಾವುದನ್ನು ತಡೆಯಬೇಕೋ ಅದರ ಕಡೆ ಮುಖ ಮಾಡಿರಬೇಕು. ತುಟಿಗೆ ಗ್ರೀಸ್ ಹಚ್ಚಿ, ಶಾಫ್ಟಿನ ಚೂಪು ತುದಿಗೆ ಟೇಪು ಸುತ್ತಿ, ಸೀಲಿನ ಹೊರ ಅಂಚಿನ ಮೇಲೆ ಸಮನಾಗಿ ಒತ್ತಿ ಕೂರಿಸಬೇಕು. ಹಳೆ ಸೀಲು ಶಾಫ್ಟನ್ನು ಕೊರೆದಿದ್ದರೆ ಎರಡು ದಾರಿ. ಜಾಗವಿದ್ದರೆ ಹೊಸದನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ ತುಟಿಗೆ ಹೊಸ ನೆಲ ಕೊಡುವುದು. ಇಲ್ಲವೇ ಗೀರಿನ ಮೇಲೆ ತೆಳು ಸ್ಟೇನ್‌ಲೆಸ್ ಸ್ಲೀವ್ ತೊಡಿಸುವುದು.

ಬೇರಿಂಗು ಕೂರಿಸುವುದರಲ್ಲಿ ಆತನಿಗೆ ಬಂದರು ಕಲಿಸಿದ್ದು ಹೆಚ್ಚಾಗಿ ತಪ್ಪು ಪದ್ಧತಿ. ಶೆಡ್ಡಿನಲ್ಲಿ ಗ್ಯಾಸ್ ಟಾರ್ಚಿನ ಬೆಂಕಿ ಬೇರಿಂಗಿಗೇ ಹಿಡಿದು, ಅದು ನೀಲಿಯಾಗುವವರೆಗೆ ಕಾಯಿಸಿ, ಸುತ್ತಿಗೆಯಿಂದ ಬಡಿದು ಇಳಿಸುತ್ತಿದ್ದರು. ನೀಲಿಯಾದ ಉಕ್ಕು ಗಡಸುತನ ಕಳೆದುಕೊಂಡಿರುತ್ತದೆ. 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಸಾಕು, 125 ದಾಟಬಾರದು. ಶಾಫ್ಟಿಗೆ ಬಿಗಿಯಾಗಿ ಕೂರುವ ಬೇರಿಂಗನ್ನು ಒಳ ಉಂಗುರದ ಮೇಲೆಯೇ ಒತ್ತಬೇಕು. ಹೊರ ಉಂಗುರಕ್ಕೆ ಬಡಿದರೆ ಪೆಟ್ಟು ಗುಂಡುಗಳ ಮೂಲಕ ಹಾದು, ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ಕುಳಿ ಬೀಳುತ್ತದೆ. ಬಂದರಿನಲ್ಲಿ ಹೊಸ ಬೇರಿಂಗುಗಳು ಒಂದೇ ಸೀಸನ್ನಿಗೆ ಕೈಕೊಡುತ್ತಿದ್ದಾಗ ಡೂಪ್ಲಿಕೇಟ್ ಮಾಲು ಎಂದು ಅಂಗಡಿಯವರನ್ನು ಬೈಯುತ್ತಿದ್ದರು. ಕೆಲವು ನಿಜಕ್ಕೂ ಡೂಪ್ಲಿಕೇಟೇ ಇದ್ದವು. ಉಳಿದವನ್ನು ಕೊಂದದ್ದು ಸುತ್ತಿಗೆ.

ಮ್ಯಾನ್ಯುಯಲ್ ಎಲ್ಲವನ್ನೂ ಹೇಳಲಿಲ್ಲ. ಸೀಲಿನ ಹೊಸ ಕಿಟ್ ಬಂದ ಕೂಡಲೇ ಪುಸ್ತಕದ ಪ್ರಕಾರ ಬದಲಿಸಿ ಕಳಿಸುವ ಮೆಕ್ಯಾನಿಕ್ಕುಗಳು ಅಲ್ಲಿಯೂ ಇದ್ದರು. ಅದೇ ಬೋಟು ಮರುವರ್ಷ ಅದೇ ದೂರಿನೊಂದಿಗೆ ಬರುತ್ತಿತ್ತು. ಆತ ಮಾತ್ರ ಸೀಲು ತೆಗೆದು ಅದರ ತುಟಿ ನೋಡುತ್ತಿದ್ದ. ಸುತ್ತಲೂ ಸಮನಾಗಿ ಸವೆದಿದ್ದರೆ ವಯಸ್ಸು. ಒಂದೇ ಬದಿ ಸವೆದಿದ್ದರೆ ಶಾಫ್ಟು ಬಾಗಿದೆ, ಇಲ್ಲವೇ ಹಿಂದಿನ ಬೇರಿಂಗು ಸಡಿಲ. ಸುಟ್ಟು ಬಿರುಕುಬಿಟ್ಟಿದ್ದರೆ ಎಣ್ಣೆ ಇಲ್ಲದೆ ಓಡಿದೆ. ಕಡಿದುಹೋಗಿದ್ದರೆ ದಾರ. ಎಳೆದು ತಂದ ಆ ಟ್ರಾಲ್ ಬೋಟಿನ ಪಾಠ ಇಲ್ಲಿ ಕೆಲಸಕ್ಕೆ ಬಂತು. ಫಿಲಿಪ್ಪೀನ್ಸಿನವನು ಕಷ್ಟದ ಬೋಟುಗಳನ್ನು ಆತನಿಗೆ ಬಿಡತೊಡಗಿದ್ದು ಈ ಕಾರಣಕ್ಕೆ.

ಈಗ ಹಿಂದಿರುಗಿ ನೋಡಿದಾಗ ಬಂದರಿನ ಶೆಡ್ಡಿನ ಕೆಲವು ವಿಷಯಗಳು ನೆನಪಿನ ಸಿಹಿಗೆ ಒಗ್ಗುವುದಿಲ್ಲ. ಗ್ಲ್ಯಾಂಡಿಗೆ ಹಾಕುತ್ತಿದ್ದ ಹಗ್ಗ ಕಲ್ನಾರಿನದ್ದು. ಹಳೆಯ ಒಣಗಿದ ಹಗ್ಗವನ್ನು ಕೊಕ್ಕೆಯಿಂದ ಕೆದಕಿ ತೆಗೆಯುವಾಗ ಪುಡಿ ಹಾರುತ್ತಿತ್ತು. ಬೋಟಿನ ಅಡಿಯ ಇಕ್ಕಟ್ಟಿನಲ್ಲಿ ತಲೆ ತೂರಿಸಿ ಅದನ್ನು ಊದಿ ಸ್ವಚ್ಛ ಮಾಡುತ್ತಿದ್ದವರು ಹನ್ನೆರಡು ಹದಿಮೂರರ ಹುಡುಗರು. ಸಣ್ಣ ಮೈ ಅಲ್ಲಿ ಹಿಡಿಸುತ್ತದೆ ಎಂದೇ ಅವರನ್ನು ಇಳಿಸುತ್ತಿದ್ದರು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸ್ಪಷ್ಟವಾಗಿ ಹೇಳಿದೆ. ಮೇಸ್ತ್ರಿಗೆ ಕೊನೆಯ ವರ್ಷಗಳಲ್ಲಿ ಬಿಡದ ಕೆಮ್ಮಿತ್ತು. ಬೀಡಿಯ ಕೆಮ್ಮು ಎಂದರು ಎಲ್ಲರೂ. ಯಾರೂ ಎಕ್ಸ್‌ರೇ ತೆಗೆಸಲಿಲ್ಲ. ಇಂದು ಟೆಫ್ಲಾನಿನ ಹಗ್ಗ, ಕಲ್ನಾರಿಲ್ಲದ ಗ್ರ್ಯಾಫೈಟ್ ಹಗ್ಗ ಅದೇ ಅಳತೆಯಲ್ಲಿ ಸಿಗುತ್ತವೆ.

ಎಣ್ಣೆಯೂ ಹಾಗೆಯೇ. ಬದಲಿಸಿದ ಗೇರ್ ಎಣ್ಣೆ, ಬೇರಿಂಗು ತೊಳೆದ ಸೀಮೆಎಣ್ಣೆ ಎಲ್ಲವೂ ಹೊಳೆಗೆ. ಅದೇ ಹೊಳೆಯಲ್ಲಿ ಹೆಂಗಸರು ಮರುವಾಯಿ ಚಿಪ್ಪು ಹೆಕ್ಕುತ್ತಿದ್ದರು. ದೂರದ ದೊಡ್ಡ ಹಡಗುಗಳ ಲೋಕದಲ್ಲಿ ಈ ಕುರಿತು ಕಾನೂನು ಬಂದಿದೆ: 2013ರಿಂದ ಅಮೆರಿಕದ ನೀರಿಗೆ ಬರುವ 79 ಅಡಿ ಮೀರಿದ ವಾಣಿಜ್ಯ ಹಡಗುಗಳು, ಕಡಲಿಗೆ ತಾಗುವ ಸೀಲುಗಳಲ್ಲಿ ಬೇಗ ಕೊಳೆತು ಕರಗುವ ಎಣ್ಣೆಯನ್ನೇ ಬಳಸಬೇಕಾಯಿತು. ಎಣ್ಣೆಯ ಗೊಡವೆಯೇ ಬೇಡವೆಂದು ನೀರಿನಿಂದಲೇ ನುಣುಪಾಗುವ ಬೇರಿಂಗುಗಳಿಗೆ ಮರಳಿದ ಹಡಗುಗಳೂ ಉಂಟು. ಜಾನ್ ಪೆನ್‌ನ ಮರದ ಪಟ್ಟಿಯ ತತ್ವವೇ ಅದು.

ಹಳೆ ಬಂದರು ಈಗ ಗುರುತು ಸಿಗದಷ್ಟು ತುಂಬಿದೆ. ಮರದ ಬೋಟುಗಳ ನಡುವೆ ಉಕ್ಕಿನ ಬೋಟು, ಫೈಬರ್ ಬೋಟು. ಆಗ 100 ಅಶ್ವಶಕ್ತಿಯ ಲೇಲ್ಯಾಂಡ್ ಎಂಜಿನ್ನು ದೊಡ್ಡದು. ಈಗಿನ ಆಳಸಮುದ್ರ ಬೋಟುಗಳಲ್ಲಿ 300, 400ರ ಎಂಜಿನ್ನುಗಳು. ಶಾಫ್ಟು ದಪ್ಪವಾಗಿದೆ, ಬುಶ್ಶು ದೊಡ್ಡದಾಗಿದೆ, ಜೋಡಣೆ ತಪ್ಪಿದರೆ ಆಗುವ ನಷ್ಟವೂ ಅಷ್ಟೇ ದೊಡ್ಡದು. ಕೆಲಸ ಕಲಿಯುವ ವಿಧಾನ ಮಾತ್ರ ಅಲ್ಲೇ ನಿಂತಿದೆ. ಶೆಡ್ಡುಗಳಲ್ಲಿ ಇಂದಿಗೂ ಸಣ್ಣವರು ದೊಡ್ಡವರ ಕೈ ನೋಡಿ ಕಲಿಯುತ್ತಾರೆ. ದೊಡ್ಡವರು ತೋರಿಸಿದಷ್ಟೇ ಅವರ ಪಾಲು.

ಲೇತ್ ಅಂಗಡಿಯ ಆ ಹುಡುಗ ಶಾಫ್ಟಿಗೆ ಸ್ಲೀವ್ ತರಿಸಲು ಒಪ್ಪಿದ. ಬೇರಿಂಗುಗಳನ್ನೂ ಬಿಚ್ಚಿ ನೋಡಿದಾಗ ತಳದ ರೋಲರುಗಳಲ್ಲಿ ತುಕ್ಕಿನ ಚುಕ್ಕೆ ಇತ್ತು. ಬರೀ ಸೀಲು ಹಾಕಿ ಕಳಿಸಿದ್ದರೆ ಈ ಸಲ ಹೋಗುತ್ತಿದ್ದದ್ದು ಗೇರು. ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡು, ದಿನಾಂಕ ಹಾಕು, ಹಳೆ ಸೀಲು ಹೇಗೆ ಸವೆದಿತ್ತು ಎಂಬುದನ್ನೂ ಬರೆ ಎಂದು ಆತ ಹೇಳಿದ. “ಇದೆಲ್ಲ ಯಾರೂ ಹೇಳಿಕೊಡ್ಲಿಲ್ಲ ಅಂಕಲ್,” ಎಂದ ಹುಡುಗ. ನಂಬಬಹುದಾದ ಮಾತು.

ಹೇಳಿಕೊಡುವವರು ಇಲ್ಲವೆಂದಲ್ಲ. ಕೇಂದ್ರ ಸರಕಾರದ ಮೀನುಗಾರಿಕಾ ನೌಕಾ ಮತ್ತು ಎಂಜಿನಿಯರಿಂಗ್ ತರಬೇತಿ ಸಂಸ್ಥೆ ಕೊಚ್ಚಿಯಲ್ಲಿ 1963ರಿಂದ ಇದೆ. ಚೆನ್ನೈ, ವಿಶಾಖಪಟ್ಟಣಗಳಲ್ಲೂ ಅದರ ಘಟಕಗಳಿವೆ. ಹತ್ತನೇ ತರಗತಿ ಮುಗಿಸಿದವರಿಗೆ ಅಲ್ಲಿ ಎರಡು ವರ್ಷದ ಮರೀನ್ ಫಿಟ್ಟರ್ ಕೋರ್ಸು ಇದೆ. ಮಲ್ಪೆ, ಗಂಗೊಳ್ಳಿ, ತದಡಿ ಬಂದರುಗಳ ಶೆಡ್ಡುಗಳಲ್ಲಿ ಗ್ರೀಸ್ ಒರೆಸುತ್ತಿರುವ ಹುಡುಗರಿಗೆ ಈ ಸುದ್ದಿ ಮುಟ್ಟಿಸುವುದು ಬೋಟಿನ ಯಜಮಾನರಿಂದ ಆಗುವ ಕೆಲಸ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕಾ ನಿಷೇಧದಲ್ಲಿ ಬೋಟು ಹೇಗೂ ದಡದಲ್ಲಿರುತ್ತದೆ. ಆ ದಿನಗಳಲ್ಲಿ ಶಾಫ್ಟು ಎಳೆಸಿ ಬುಶ್ಶು ನೋಡಿಸಿ, ಕಲ್ನಾರಿನ ಹಗ್ಗ ಬೇಡವೆಂದು ಹೇಳಿ, ಕೆದಕುವ ಹುಡುಗನಿಗೊಂದು ಮಾಸ್ಕ್ ಕೊಡಿಸಿ. ಶಿಮ್ ಹಾಕುವ ಹೊತ್ತಿಗೆ ಚಹಾ ತರಲು ನೀವೇ ಹೋಗಿ; ಹುಡುಗ ಅಲ್ಲೇ ನಿಂತು ನೋಡಲಿ.